ಮೇಷ್ಟ್ರ ಒಣ ತೂಕ

ಮೇಷ್ಟ್ರ ಕ್ರಿಯಾಟಿನಿನ್ ಇಳಿದ ದಿನ ಅವರ ಹೆಂಡತಿ ನಮ್ಮ ಡಯಾಲಿಸಿಸ್ ವಾರ್ಡಿಗೆಲ್ಲ ಸಕ್ಕರೆ ಹಂಚಿದರು. ಮಂಚದ ಮೇಲಿದ್ದವರಲ್ಲಿ ಹೆಚ್ಚಿನವರು ಸಕ್ಕರೆ ಕಾಯಿಲೆಯಿಂದಲೇ ಕಿಡ್ನಿ ಕಳೆದುಕೊಂಡವರು. ಆದರೂ ಯಾರೂ ಬೇಡ ಎನ್ನಲಿಲ್ಲ. ಸೂಜಿ ಚುಚ್ಚದ ಕೈಯನ್ನು ಚಾಚಿ, ಒಂದೊಂದು ಚಿಟಿಕೆ ಇಸಿದುಕೊಂಡು ಬಾಯಿಗೆ ಹಾಕಿಕೊಂಡರು. ನಮ್ಮ ವಾರ್ಡಿಗೆ ಒಳ್ಳೆಯ ಸುದ್ದಿ ಬರುವುದೇ ಅಪರೂಪ. ಬಂದಾಗ ಪಥ್ಯ ನೋಡುತ್ತಾ ಕೂರಲು ಯಾರಿಗೂ ಮನಸ್ಸು ಬರುವುದಿಲ್ಲ.

"ನೋಡಮ್ಮಾಯಿ, ಒಂಬತ್ತೂವರೆ ಇದ್ದಿದ್ದು ಆರಕ್ಕೆ ಬಂದೈತೆ. ದೇವುಡು ಕಣ್ಣು ಬಿಟ್ಟ," ಎಂದು ನನ್ನ ಅಂಗೈಗೂ ಒಂದಿಷ್ಟು ಸುರಿದರು. ನಾನೂ ತಿಂದೆ.

ಕ್ರಿಯಾಟಿನಿನ್ ಅಂದರೆ ರಕ್ತದಲ್ಲಿ ಸೇರಿಕೊಳ್ಳುವ ಒಂದು ಕಸ. ಕಿಡ್ನಿ ಸರಿಯಿದ್ದರೆ ಅದನ್ನು ಹೊರಗೆ ಹಾಕುತ್ತದೆ, ಕೆಟ್ಟರೆ ಅದು ಏರುತ್ತಾ ಹೋಗುತ್ತದೆ. ಹಾಗಾಗಿ ಅದು ಇಳಿದರೆ ಕಿಡ್ನಿ ವಾಸಿಯಾಗುತ್ತಿದೆ ಎಂದು ಮನೆಯವರು ತಿಳಿಯುವುದು ಸಹಜ. ಆ ಅಮ್ಮನಿಗೆ ಇನ್ನೂ ಎರಡು ಸಾಕ್ಷಿಗಳಿದ್ದವು. ಒಂದು, ಗಂಡನ ಮುಖ ತುಂಬಿಕೊಂಡು ಕೆನ್ನೆ ಮಿರಮಿರ ಎನ್ನುತ್ತಿತ್ತು. ಇನ್ನೊಂದು, ಯಂತ್ರಕ್ಕೆ ಬಿದ್ದು ವರ್ಷ ಕಳೆದರೂ ಅವರ ತೂಕ ಒಂದು ಕೆಜಿಯೂ ಇಳಿದಿರಲಿಲ್ಲ. ಪಕ್ಕದ ಮಂಚದವರೆಲ್ಲ ಸೊರಗಿ ಕಡ್ಡಿಯಾಗುತ್ತಿದ್ದಾಗ ಇವರೊಬ್ಬರು ಕಲ್ಲುಗುಂಡಿನ ಹಾಗೆ ಇದ್ದರು. ನಿಜ ಹೇಳಬೇಕೆಂದರೆ ನಮಗೂ ಅವರ ಬಗ್ಗೆ ಹೆಮ್ಮೆಯಿತ್ತು. ಹೊಸ ರೋಗಿ ಅಳುತ್ತಾ ಬಂದರೆ ಮೇಷ್ಟ್ರ ಮಂಚದ ಕಡೆ ಕೈ ತೋರಿಸುತ್ತಿದ್ದೆವು.

ನಮ್ಮ ಡಯಾಲಿಸಿಸ್ ಘಟಕ ಚಿಂತಾಮಣಿಯದು. ರೋಗಿಯ ತೂಕ ನೋಡುವುದು, ಆಪರೇಷನ್ ಮಾಡಿ ಉಬ್ಬಿಸಿದ ತೋಳಿನ ರಕ್ತನಾಳಕ್ಕೆ ಎರಡು ದಪ್ಪ ಸೂಜಿ ಹಾಕುವುದು, ಎಷ್ಟು ನೀರು ತೆಗೆಯಬೇಕೆಂದು ಯಂತ್ರಕ್ಕೆ ಹೇಳುವುದು, ನಾಲ್ಕು ಗಂಟೆ ಕಣ್ಣಿಟ್ಟು ಕಾಯುವುದು ಟೆಕ್ನಿಷಿಯನ್ ಆದ ನನ್ನ ಕೆಲಸ. ಕಿಡ್ನಿ ಡಾಕ್ಟರು ಬೆಂಗಳೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದರು, ಮಿಕ್ಕ ದಿನ ಫೋನಿಗೆ ಸಿಗುತ್ತಿದ್ದರು. ಮೇಷ್ಟ್ರು ಕೈವಾರದ ಹತ್ತಿರದ ಹಳ್ಳಿಯವರು, ಹೈಸ್ಕೂಲಿನಲ್ಲಿ ಪಿ.ಟಿ. ಮೇಷ್ಟ್ರಾಗಿದ್ದವರು. ವಯಸ್ಸಿನಲ್ಲಿ ಕಬಡ್ಡಿ ಆಡಿ ಬೆಳೆಸಿದ ಮೈ. ಯಂತ್ರಕ್ಕೆ ಹಾಕುವ ಮುಂಚೆ ನನ್ನ ಕೈ ಕುಲುಕುವುದು ಅವರ ಪದ್ಧತಿ, ಬೆರಳು ನೋಯುವಷ್ಟು ಹಿಡಿದು, "ಅಟೆನ್ಷನ್!" ಎಂದು ನಗುತ್ತಿದ್ದರು. ನನಗೆ ಬೆಳಗ್ಗೆ ಬೆಳಗ್ಗೆ ನಗುವವರನ್ನು ಕಂಡರೆ ಆಗುವುದಿಲ್ಲ. ಮೇಷ್ಟ್ರನ್ನು ಮಾತ್ರ ಸಹಿಸಿಕೊಂಡಿದ್ದೆ.

ಒಣ ತೂಕ ಅಂದರೇನು ಎಂದು ಇಲ್ಲೇ ಹೇಳಿಬಿಡುತ್ತೇನೆ. ಮೂತ್ರ ನಿಂತುಹೋದವರು ಕುಡಿದ ನೀರು ಮೈಯಲ್ಲೇ ಉಳಿಯುತ್ತದೆ. ಆ ಹೆಚ್ಚಿನ ನೀರನ್ನೆಲ್ಲ ತೆಗೆದ ಮೇಲೆ ಉಳಿಯಬೇಕಾದ ತೂಕವೇ ಒಣ ತೂಕ. ಮೇಷ್ಟ್ರದು ಎಪ್ಪತ್ತೆರಡು ಎಂದು ಮೊದಲ ತಿಂಗಳಲ್ಲೇ ನಿಗದಿಯಾಗಿತ್ತು. ಅವರು ಎಪ್ಪತ್ತೈದು ತೂಗಿದರೆ ಮೂರು ಲೀಟರು ತೆಗೆದು ಎಪ್ಪತ್ತೆರಡಕ್ಕೆ ತಂದು ಮನೆಗೆ ಕಳಿಸುತ್ತಿದ್ದೆ. ಬಂದಾಗ ಏರಿರುವುದು, ಹೋಗುವಾಗ ಅದೇ ಎಪ್ಪತ್ತೆರಡು. ವಾರಕ್ಕೆ ಮೂರು ಸಲ ಇದೇ ಕೆಲಸವಾದ್ದರಿಂದ ಆ ಸಂಖ್ಯೆಯನ್ನು ಪ್ರಶ್ನಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸಕ್ಕರೆ ತಿಂದ ಮಾರನೆಯ ವಾರ ಬಿ.ಪಿ. ಪಟ್ಟಿ ಕಟ್ಟುವಾಗ ನನಗೆ ಏನೋ ಸರಿಯಿಲ್ಲ ಎನ್ನಿಸಿತು. ಮೇಷ್ಟ್ರ ತೋಳಿಗೆ ಮಾಮೂಲಿ ಪಟ್ಟಿ ಸಾಲದೆಂದು ಮೊದಲಿನಿಂದ ದೊಡ್ಡ ಪಟ್ಟಿಯನ್ನೇ ಕಟ್ಟುತ್ತಿದ್ದೆ. ಮೊದಮೊದಲು ಅದರ ತುದಿ ಅಂಟಿಕೊಳ್ಳುವ ಜಾಗಕ್ಕೆ ಕಷ್ಟಪಟ್ಟು ತಲುಪುತ್ತಿತ್ತು. ಈಗ ಅದೇ ಪಟ್ಟಿ ತೋಳನ್ನು ಸುತ್ತಿ, ಗುರುತಿನ ಗೆರೆಯನ್ನು ದಾಟಿ, ಇನ್ನೂ ಒಂದು ಗೇಣು ಉಳಿಯಿತು. ಬಿಚ್ಚಿ ಮತ್ತೆ ಕಟ್ಟಿದೆ. ಅಷ್ಟೇ ಉಳಿಯಿತು. ತೂಕ ಇಳಿಯದ ಮನುಷ್ಯನ ತೋಳು ಸಣ್ಣದಾಗುವುದು ಹೇಗೆ?

"ಮೇಷ್ಟ್ರೇ, ರಾತ್ರಿ ನಿದ್ದೆ ಬರುತ್ತಾ?" ಎಂದು ಕೇಳಿದೆ.

"ಬರ್ತದೆ ಕಣಮ್ಮ. ಎರಡು ದಿಂಬು ಹಾಕ್ಕೊಂಡ್ರೆ ಬರ್ತದೆ. ಈಗೀಗ ಗೋಡೆಗೊರಗಿದ್ರೆ ಇನ್ನೂ ಚೆನ್ನಾಗಿ ಬರ್ತದೆ."

ಅವರು ಅದನ್ನು ಒಂದು ಉಪಾಯದಂತೆ ಹೇಳಿದರು. ಮಲಗಿದರೆ ಉಸಿರು ಕಟ್ಟುವುದು ಎದೆಯಲ್ಲಿ ನೀರು ಸೇರುತ್ತಿರುವ ಲಕ್ಷಣ. ಬಿ.ಪಿ. ಮಾತ್ರೆಯೂ ಆ ಕೆಲವು ತಿಂಗಳಲ್ಲಿ ಒಂದಿದ್ದದ್ದು ಮೂರಾಗಿತ್ತು. ನಾನು ಹೊರಗೆ ಬಂದು ಡಾಕ್ಟರಿಗೆ ಫೋನು ಮಾಡಿದೆ. ಅವರು, "ತೋಳು, ಮೀನಖಂಡ ಎರಡೂ ಟೇಪ್ ಹಿಡಿದು ಅಳೆದಿಡು. ಫಿಸಿಯೋಥೆರಪಿಯವರ ಹತ್ತಿರ ಹಿಡಿತ ಅಳೆಯೋ ಸಾಧನ ಇರುತ್ತೆ, ಇಸಿದುಕೋ. ನಾನು ಬಂದು ನೋಡ್ತೀನಿ," ಎಂದರು.

ಅಳೆದೆ. ಭುಜದ ಮೂಳೆಯ ತುದಿಯಿಂದ ಮೊಣಕೈವರೆಗೆ ಟೇಪು ಹಿಡಿದು, ಸರಿಯಾಗಿ ನಡುವೆ ಪೆನ್ನಿನಲ್ಲಿ ಗುರುತು ಹಾಕಿ, ಅಲ್ಲಿ ತೋಳಿನ ಸುತ್ತಳತೆ. ಕಾಲು ನೇತುಬಿಟ್ಟು ಕೂರಿಸಿ, ಮೀನಖಂಡ ಎಲ್ಲಿ ದಪ್ಪವಿದೆಯೋ ಅಲ್ಲಿ ಇನ್ನೊಂದು. ಮೀನಖಂಡ ಅಳೆದು ಟೇಪು ತೆಗೆದಾಗ ಅದರ ಅಚ್ಚು ಚರ್ಮದ ಮೇಲೆ ಹಾಗೇ ಉಳಿಯಿತು. ಹಿಡಿತದ ಸಾಧನ ಕೊಟ್ಟಾಗ ಮೇಷ್ಟ್ರಿಗೆ ಖುಷಿಯಾಯಿತು. ಆಟದ ಸಾಮಾನು ಸಿಕ್ಕಂತಾಗಿ ಎದೆಯುಬ್ಬಿಸಿ ಕೂತರು. ಹಲ್ಲು ಕಚ್ಚಿ ಹಿಸುಕಿದರು. ಮುಳ್ಳು ಸ್ವಲ್ಪವೇ ಸರಿದು ನಿಂತಿತು. "ಇದು ಕೆಟ್ಟೋಗೈತೆ," ಎಂದರು. ನಾನು ಇಸಿದುಕೊಂಡು ಹಿಸುಕಿದೆ, ಅವರಿಗಿಂತ ಮುಂದೆ ಹೋಯಿತು. ಆಗ ನೆನಪಾಯಿತು: ಅವರು ನನ್ನ ಕೈ ಕುಲುಕಿದಾಗ ಬೆರಳು ನೊಂದು ಎಷ್ಟೋ ತಿಂಗಳಾಗಿತ್ತು. ಮೇಷ್ಟ್ರು, ಹೆಂಡತಿ ಬಾಗಿಲಲ್ಲಿ ಇದ್ದಾರೋ ಎಂದು ತಿರುಗಿ ನೋಡಿದರು.

ಡಾಕ್ಟರು ಬಂದವರು ಮೊದಲು ಮೇಷ್ಟ್ರ ಹೆಬ್ಬೆರಳು ತೋರುಬೆರಳುಗಳ ನಡುವಿನ ಮಾಂಸವನ್ನು ಒತ್ತಿ ನೋಡಿದರು. ಅಲ್ಲಿ ಗುಳಿಬಿದ್ದಿತ್ತು. ಆಮೇಲೆ ಕೋಣೆಗೆ ಬಂದು ನನಗೆ ಹೇಳಿದರು: "ನಾವೆಲ್ಲ ತೂಕ ನೋಡ್ಕೊಂಡು ಮೋಸ ಹೋದ್ವಿ. ಇವರ ಮಾಂಸಖಂಡ ಕರಗಿದೆ. ಕರಗಿದ ಜಾಗಕ್ಕೆ ನೀರು ಬಂದು ಕೂತಿದೆ. ಹೋದಷ್ಟೇ ಬಂದಿರೋದ್ರಿಂದ ಮೊತ್ತ ಬದಲಾಗಿಲ್ಲ."

"ಕ್ರಿಯಾಟಿನಿನ್ ಇಳಿದಿದೆಯಲ್ಲ ಸಾರ್?"

"ಕ್ರಿಯಾಟಿನಿನ್ ಹುಟ್ಟೋದೇ ಮಾಂಸಖಂಡದಿಂದ. ಮಾಂಸ ಕಡಿಮೆಯಾದ್ರೆ ಅದೂ ಕಡಿಮೆಯಾಗುತ್ತೆ. ಡಯಾಲಿಸಿಸ್‌ನಲ್ಲಿ ಇರೋರಿಗೆ ಅದು ಹೀಗೆ ಇಳೀತಾ ಬಂದ್ರೆ ನಾವು ಹೆದರಬೇಕು."

ನನಗೆ ತಿಂದ ಸಕ್ಕರೆ ನೆನಪಾಯಿತು. ಪಾಠದಲ್ಲಿ ಓದಿದ್ದ ಮಾತೇ ಅದು. ಆದರೆ ಪಾಠದಲ್ಲಿ ಸಕ್ಕರೆ ಹಂಚುವ ಹೆಂಡತಿ ಇರುವುದಿಲ್ಲ.

ಕೈ ಅಳತೆಯ ಮೇಲೆ ಇಷ್ಟು ದೊಡ್ಡ ಬದಲಾವಣೆ ಮಾಡುವುದು ಬೇಡ, ಚಿಕ್ಕಬಳ್ಳಾಪುರದ ಒಂದು ಆಸ್ಪತ್ರೆಯಲ್ಲಿ ಮೈಯ ನೀರು, ಮಾಂಸ, ಕೊಬ್ಬು ಬೇರೆ ಬೇರೆ ಹೇಳುವ ಯಂತ್ರವಿದೆ, ಅಲ್ಲಿ ಒಮ್ಮೆ ನೋಡಿಸಿಬಿಡೋಣ ಎಂದು ಡಾಕ್ಟರು ತೀರ್ಮಾನಿಸಿದರು. ಆ ಅಮ್ಮನಿಗೆ ಅಲ್ಲಿಯ ಆಸ್ಪತ್ರೆ ಗೊತ್ತಿರಲಿಲ್ಲ. ನನಗೆ ರಜೆಯಿದ್ದ ದಿನ ನಾನೇ ಜೊತೆಗೆ ಹೊರಟೆ.

ಬಸ್ಸಿನಲ್ಲಿ ಮೇಷ್ಟ್ರು ಕಿಟಕಿಯ ಪಕ್ಕ ಕೂತು ನಿದ್ದೆಹೋದರು. ಶಿಡ್ಲಘಟ್ಟದಲ್ಲಿ ಬಸ್ಸು ನಿಂತಾಗ ರೇಷ್ಮೆ ಗೂಡು ಬೇಯಿಸುವ ವಾಸನೆ ಒಳಗೆಲ್ಲ ತುಂಬಿತು. ಅಮ್ಮ ಸೆರಗಿನಿಂದ ಮೂಗು ಮುಚ್ಚಿಕೊಂಡು ಪಿಸುಮಾತಿನಲ್ಲಿ ಕೇಳಿದರು: "ಎಲ್ಲಾ ಸರಿಹೋಗ್ತಿರೋವಾಗ ಈ ಪರೀಕ್ಷೆ ಯಾಕಮ್ಮಾಯಿ?"

"ಊಟ ಹೆಂಗೆ ಮಾಡ್ತಿದ್ದಾರೆ ಅಮ್ಮ? ದಿನಾ ಮೊಟ್ಟೆ ಕೊಡ್ತಿದ್ದೀರಾ?" ಎಂದು ನಾನು ಬೇರೆ ಕಡೆಯಿಂದ ಮಾತು ಶುರುಮಾಡಿದೆ.

ಡಯಾಲಿಸಿಸ್ ಶುರುವಾಗುವ ಮೊದಲು ಬೇಳೆ, ಮೊಟ್ಟೆ, ಮಾಂಸ ಕಡಿಮೆ ಮಾಡಿ ಎನ್ನುವುದು ರೂಢಿ. ಕೆಟ್ಟ ಕಿಡ್ನಿಗೆ ಅದರ ಹೊರೆ ಬೇಡವೆಂದು. ಯಂತ್ರಕ್ಕೆ ಬಿದ್ದ ಮೇಲೆ ಪಥ್ಯ ತಲೆಕೆಳಗಾಗುತ್ತದೆ. ಪ್ರತಿ ಸಲವೂ ಯಂತ್ರ ಕಸದ ಜೊತೆ ಒಂದಿಷ್ಟು ಪೌಷ್ಟಿಕಾಂಶವನ್ನೂ ಒಯ್ಯುವುದರಿಂದ ಆಗ ಹೆಚ್ಚು ತಿನ್ನಬೇಕು. ಇದನ್ನು ನಾವು ಆ ಅಮ್ಮನಿಗೆ ಹೇಳಿದ್ದೆವು. ಹೇಳಿದಾಗಲೆಲ್ಲ ಅವರು ಹೂಂಗುಟ್ಟಿದ್ದರು.

"ಅಯ್ಯೋ, ಮೊಟ್ಟೆ ಎಲ್ಲಿ ಕೊಡ್ಲಿ?" ಎಂದರು ಈಗ. "ಇವ್ರನ್ನ ಮೊದಲನೇ ದಿನ ಮಿಷಿನ್ನಿಗೆ ಹಾಕಿದ್ರಲ್ಲ, ಅವತ್ತೇ ಮನೆದೇವ್ರಿಗೆ ಹೇಳ್ಕೊಂಡೆ. ಇವ್ರು ಮಿಷಿನ್ ಬಿಟ್ಟು ಎದ್ದು ಬರೋವರ್ಗೂ ನಮ್ಮನೇಲಿ ಮೊಟ್ಟೆ, ಮಾಂಸ, ಮೀನು ಒಲೆ ಹತ್ತಲ್ಲ ಅಂತ. ಇಬ್ರೂ ಮುಟ್ಟಿಲ್ಲ. ಬೇಳೆನೂ ಮೊದಲಿನ ಡಾಕ್ಟ್ರು ಬೇಡ ಅಂದಿದ್ರಲ್ಲ, ಬರೀ ತಿಳಿ ಬಸಿದು ಕೊಡ್ತೀನಿ. ಅದಕ್ಕೇ ನೋಡು, ಎಷ್ಟು ಬೇಗ ಇಳೀತು!"

ಮೇಷ್ಟ್ರು ಮಿಷಿನ್ ಬಿಟ್ಟು ಎದ್ದು ಬರುವುದಿಲ್ಲ. ಅವರಿಬ್ಬರಿಗೂ ಅದನ್ನು ಡಾಕ್ಟರು ಮೊದಲೇ ಹೇಳಿದ್ದರು. ಬದುಕಿರುವವರೆಗೂ ಬೇಕು ಎಂದು ಹೇಳಿದಾಗಲೂ ಆ ಅಮ್ಮ ಹೂಂಗುಟ್ಟಿರಬೇಕು. ಅಂದರೆ ಆ ಹರಕೆಗೆ ಕೊನೆಯೇ ಇರಲಿಲ್ಲ. ಅಷ್ಟು ಸಂತೋಷವಾಗಿದ್ದ ಮುಖಕ್ಕೆ ಬಸ್ಸಿನಲ್ಲಿ ಏನು ಹೇಳಲಿ? ಅಲ್ಲದೆ ಯಂತ್ರ ಏನು ಹೇಳುತ್ತದೋ ನೋಡೋಣ ಎಂಬ ನೆಪವೂ ಇತ್ತು.

ಯಂತ್ರ ಹೇಳಿತು. ಮೇಷ್ಟ್ರನ್ನು ಅಂಗಾತ ಮಲಗಿಸಿ, ಕೈಗೆರಡು ಕಾಲಿಗೆರಡು ಸ್ಟಿಕ್ಕರ್ ಅಂಟಿಸಿ, ತಿಳಿಯದಷ್ಟು ಸಣ್ಣ ಕರೆಂಟು ಹಾಯಿಸಿದರು. ನೀರು ಕರೆಂಟನ್ನು ಸುಲಭವಾಗಿ ಬಿಡುತ್ತದೆ, ಕೊಬ್ಬು ತಡೆಯುತ್ತದೆ. ಆ ಲೆಕ್ಕದ ಮೇಲೆ ಯಾವುದು ಎಷ್ಟು ಎಂದು ಪರದೆಯ ಮೇಲೆ ಬರುತ್ತದೆ. ಅಂಗಾತ ಮಲಗಿದ ಅಷ್ಟು ಹೊತ್ತಿಗೇ ಮೇಷ್ಟ್ರಿಗೆ ಉಸಿರು ಸಾಲದೆ ತುಟಿ ತೆರೆದುಕೊಂಡಿತು. ಎಪ್ಪತ್ತೆರಡಕ್ಕೆ ಇಳಿಸಿದ ಮೇಲೂ ಅವರ ಮೈಯಲ್ಲಿ ಐದು ಲೀಟರಿನಷ್ಟು ಹೆಚ್ಚು ನೀರು ಉಳಿಯುತ್ತಿತ್ತು. ಮಾಂಸಖಂಡದ ಪಟ್ಟಿ ಅವರ ವಯಸ್ಸಿಗೆ ಇರಬೇಕಾದ ಗೆರೆಯಿಂದ ತುಂಬಾ ಕೆಳಗಿತ್ತು. ನೆನೆದ ಗೋಣಿಚೀಲವನ್ನು ತೂಗಿ ಕಾಳು ತುಂಬಿದೆ ಎಂದು ನಂಬಿದ ಹಾಗಾಗಿತ್ತು ನಮ್ಮ ಕಥೆ.

ನಾನು ಅಲ್ಲಿಂದಲೇ ಡಾಕ್ಟರಿಗೆ ಹೇಳಿದೆ. ಅವರ ಮಾತು ಸ್ಪಷ್ಟವಾಗಿತ್ತು. "ಒಣ ತೂಕ ಇಳಿಸೋಣ. ಒಂದೇ ಸಲ ಬೇಡ, ಒಂದು ಸರದಿಗೆ ಕಾಲು ಕೆಜಿ, ಅರ್ಧ ಕೆಜಿ. ಹತ್ತಿರ ಇರೋಳು ನೀನು, ಬಿ.ಪಿ. ನೋಡಿಕೊಂಡು ಎಷ್ಟು ಅಂತ ನೀನೇ ನಿರ್ಧರಿಸು. ನೀರನ್ನ ನಾವು ತೆಗೀಬಹುದು, ಮಾಂಸ ಊಟದಿಂದಲೇ ಬರಬೇಕು. ಮೊಟ್ಟೆ ಶುರುಮಾಡಿಸು. ಈ ಮೈಗೆ ಒಂದು ನ್ಯುಮೋನಿಯಾ ಬಂದ್ರೆ ತಡೆದುಕೊಳ್ಳೋಕೆ ಬಂಡವಾಳ ಇಲ್ಲ."

ಇಳಿಸಲು ಶುರುಮಾಡಿದೆವು. ಕೇಳಿದಷ್ಟು ಸುಲಭದ ಕೆಲಸವಲ್ಲ ಅದು. ರಕ್ತದಿಂದ ನೀರು ಎಳೆದಾಗ ಮೈಯಲ್ಲಿ ಅವಿತಿರುವ ನೀರು ನಿಧಾನವಾಗಿ ರಕ್ತಕ್ಕೆ ಬರಬೇಕು. ಅದು ಬರುವಷ್ಟರಲ್ಲಿ ನಾವು ಹೆಚ್ಚು ಎಳೆದರೆ ಬಿ.ಪಿ. ಬೀಳುತ್ತದೆ, ಕಾಲು ಸೆಟೆದುಕೊಳ್ಳುತ್ತದೆ. ಮೊದಲ ಎರಡು ಸರದಿ ಹೇಗೋ ಸಾಗಿತು. ಮೂರನೆಯದರಲ್ಲಿ, ಕೊನೆಯ ಗಂಟೆಯಲ್ಲಿ, ಮೇಷ್ಟ್ರು ಒಮ್ಮೆಲೇ ಕೂಗಿದರು. ಮೀನಖಂಡ ಗಂಟುಕಟ್ಟಿ ಪಾದ ಕೆಳಕ್ಕೆ ಮಡಚಿಕೊಂಡಿತ್ತು. ಪಾದ ಹಿಡಿದು ಮೇಲಕ್ಕೆ ಒತ್ತಿದೆ, ನೀರೆಳೆಯುವುದನ್ನು ನಿಲ್ಲಿಸಿದೆ, ಸಲೈನು ಬಿಟ್ಟೆ. ಬೆವರಿನಿಂದ ಅವರ ದಿಂಬು ಒದ್ದೆಯಾಗಿತ್ತು. ಬಾಗಿಲಿನ ಗಾಜಿನ ಆಚೆ ಅಮ್ಮ ಎರಡೂ ಕೈ ಬಾಯಿಗಿಟ್ಟುಕೊಂಡು ನಿಂತಿದ್ದರು. ಇಷ್ಟು ದಿನ ಅವರು ಗಂಡನನ್ನು ಯಂತ್ರದ ಮೇಲೆ ನಗುನಗುತ್ತಾ ಮಲಗಿದ್ದನ್ನು ಮಾತ್ರ ನೋಡಿದ್ದವರು.

ಆಮೇಲೆ ಯಂತ್ರದ ನೀರಿನ ಬಿಸಿ ಸ್ವಲ್ಪ ತಗ್ಗಿಸಿದೆ, ಅದರಿಂದ ಬಿ.ಪಿ. ನಿಲ್ಲುತ್ತದೆ. ಸರದಿಯ ಸಮಯವನ್ನು ಅರ್ಧ ಗಂಟೆ ಹೆಚ್ಚಿಸಿದೆ. ಬಿ.ಪಿ. ಮಾತ್ರೆಗಳನ್ನು ಡಾಕ್ಟರು ಒಂದೊಂದಾಗಿ ನಿಲ್ಲಿಸಿದರು. ಒಂದು ದಿನ ಅರ್ಧ ಕೆಜಿ ಇಳಿದರೆ ಇನ್ನೊಂದು ದಿನ ಏನೂ ಇಳಿಯುತ್ತಿರಲಿಲ್ಲ. ಯುಗಾದಿಯ ಹೊತ್ತಿಗೆ ಮೇಷ್ಟ್ರು ಅರವತ್ತೇಳಕ್ಕೆ ಬಂದು ನಿಂತರು. ಯಂತ್ರ ಹೇಳಿದ ಐದು ಲೀಟರು ಹೊರಗೆ ಬಂದಿತ್ತು.

"ಮಲ್ಕೊಂಡು ನಿದ್ದೆ ಮಾಡ್ದೆ ಕಣಮ್ಮ," ಎಂದರು ಒಂದು ಬೆಳಗ್ಗೆ. "ಅಂಗಾತ. ಒಂದೇ ದಿಂಬು. ಎಚ್ಚರಾದಾಗ ಬೆಳಕು ಹರಿದಿತ್ತು." ಅವರಿಗೆ ಕಣ್ಣಲ್ಲಿ ನೀರು ಬಂದಿತ್ತು. ನನಗೂ ಆ ಹೊತ್ತು ತುಂಬಾ ಸಂತೋಷವಾಯಿತು.

ಆದರೆ ನೀರು ಹೋದ ಮೇಲೆ ಮೇಷ್ಟ್ರು ಕಾಣಿಸಿಕೊಂಡರು. ಕೆನ್ನೆ ಒಳಕ್ಕೆ ಹೋಯಿತು, ಕಣತಲೆಯಲ್ಲಿ ಹಳ್ಳ ಬಿತ್ತು, ಅಂಗಿಯ ಕಾಲರಿನೊಳಗೆ ಕುತ್ತಿಗೆ ತೆಳ್ಳಗೆ ಓಡಾಡುತ್ತಿತ್ತು. ತಿಂಗಳುಗಟ್ಟಲೆ ಒಳಗೊಳಗೇ ಆಗಿದ್ದ ನಷ್ಟ ಎರಡು ತಿಂಗಳಲ್ಲಿ ಆದಂತೆ ಎಲ್ಲರಿಗೂ ಕಂಡಿತು. ಊರಲ್ಲಿ ಜನ ಮಾತಾಡಿದರಂತೆ. ಅಮ್ಮ ನನ್ನ ಜೊತೆ ಮಾತು ಬಿಟ್ಟರು. ಬಂದರೆ ಗೋಡೆ ನೋಡಿಕೊಂಡು ಕೂರುವರು.

ಮೊಟ್ಟೆಯ ಮಾತನ್ನು ನಾನು ಅವರಿಗೆ ಎರಡು ಸಲ ಹೇಳಿದ್ದೆ. ಮೊದಲ ಸಲ ನಕ್ಕು ತಲೆಯಾಡಿಸಿದರು. ಎರಡನೆಯ ಸಲ, "ಹರಕೆ ಮುರೀ ಅಂತೀಯಾ?" ಎಂದು ಸಿಟ್ಟಾದರು. ಬೇಳೆಯನ್ನು ಮಾತ್ರ ಗಟ್ಟಿಯಾಗಿ ಮಾಡಿಕೊಡಲು ಒಪ್ಪಿದರು. ಅದು ಸಾಲದು. ಪ್ರೋಟೀನ್ ಪೌಡರು ಕೊಟ್ಟು ನೋಡಿದೆವು, ಮೇಷ್ಟ್ರಿಗೆ ಅದರ ವಾಸನೆಗೇ ವಾಂತಿ ಬರುತ್ತಿತ್ತು. ಕೊನೆಗೆ ನಾನೇ ಮನೆಯಿಂದ ಮೊಟ್ಟೆ ಬೇಯಿಸಿ, ಬಿಳಿಯ ಭಾಗ ಮಾತ್ರ ಬಿಡಿಸಿ ಡಬ್ಬಿಯಲ್ಲಿ ತಂದೆ. ಅಮ್ಮ ಟೀ ಕುಡಿಯಲು ಹೋದ ಹೊತ್ತು ನೋಡಿ ಮೇಷ್ಟ್ರ ಮುಂದೆ ಹಿಡಿದೆ.

ಅವರು ಡಬ್ಬಿ ನೋಡಿದರು, ನನ್ನನ್ನು ನೋಡಿದರು.

"ಅವಳಿಗೆ ಗೊತ್ತಾ?"

"ಇಲ್ಲ."

"ಹಂಗಾದ್ರೆ ಬೇಡಮ್ಮ." ಸೂಜಿಯಿಲ್ಲದ ಕೈಯಿಂದ ಡಬ್ಬಿಯನ್ನು ಮೆಲ್ಲಗೆ ಹಿಂದಕ್ಕೆ ಸರಿಸಿದರು. "ನಾನು ಪಿ.ಟಿ. ಮೇಷ್ಟ್ರು ಕಣಮ್ಮ, ಮೈ ಎಲ್ಲಿಂದ ಬರ್ತದೆ ಅಂತ ನಂಗೊತ್ತಿಲ್ವಾ? ಹುಡುಗರಿಗೆ ಹೇಳ್ಕೊಟ್ಟಿದ್ದೇ ಅದು. ಮೊದಲಿಂದ್ಲೂ ಗೊತ್ತು. ಅವಳಿಗೆ ಹೇಳೋಕಾಗ್ಲಿಲ್ಲ. ಅವಳ ಕೈಲಿ ಮಾಡೋಕೆ ಅದೊಂದೇ ಇದ್ದಿದ್ದು."

"ಈಗಲಾದ್ರೂ ನಾನು ಬಿಡಿಸಿ ಹೇಳ್ತೀನಿ ಸಾರ್."

"ಏನಂತ ಹೇಳ್ತೀಯಾ? ನಿನ್ನ ಹರಕೇನೇ ನಿನ್ನ ಗಂಡನ್ನ ಕರಗಿಸ್ತು ಅಂತಲಾ?" ಅವರು ಧ್ವನಿ ಏರಿಸಲಿಲ್ಲ. "ಬೇಡ. ನಾನು ಹೋದ್ಮೇಲೂ ಅವಳು ಬದುಕಬೇಕು. ಹೇಳಲ್ಲ ಅಂತ ಮಾತು ಕೊಡು."

ನಾನು ಮಾತು ಕೊಡಲಿಲ್ಲ. ಡಬ್ಬಿ ಮುಚ್ಚಿಕೊಂಡು ಬಂದೆ. ಒಂದು ವಾರ ನನಗೆ ಅದೇ ಯೋಚನೆ. ಮೇಷ್ಟ್ರು ಹೇಳಿದ್ದು ಅವರ ಸಂಸಾರದ ಮಾತು, ಅದರಲ್ಲಿ ನನಗೇನು ಕೆಲಸ? ಆದರೆ ಅವರ ಮೈ ನನ್ನ ಕೈಯಲ್ಲಿತ್ತು. ನೀರು ತೆಗೆದು ಹಾಕಿ, ಬರಿದಾದ ಜಾಗವನ್ನು ಹಾಗೇ ಬಿಟ್ಟು, ನನ್ನ ಕೆಲಸ ಆಯಿತು ಎನ್ನಲು ನನಗೆ ಆಗಲಿಲ್ಲ. ಹಿಡಿತದ ಮುಳ್ಳು ಪ್ರತಿ ವಾರ ಇನ್ನಷ್ಟು ಹಿಂದೆ ನಿಲ್ಲುತ್ತಿತ್ತು. ಅವರು ಮಂಚದಿಂದ ಏಳಲು ಎರಡೂ ಕೈ ಊರುವಂತಾಗಿತ್ತು.

ತೀರ್ಮಾನವನ್ನು ಅಮ್ಮನೇ ನನ್ನಿಂದ ಮಾಡಿಸಿದರು. ಒಂದು ದಿನ ಕಾರಿಡಾರಿನಲ್ಲಿ ನನ್ನನ್ನು ತಡೆದು, ಕೈ ಹಿಡಿದುಕೊಂಡರು.

"ಎಪ್ಪತ್ತೆರಡಕ್ಕೇ ನಿಲ್ಸು ತಾಯಿ. ಕಾಲಿಗೆ ಬೀಳ್ತೀನಿ. ನಮ್ಮ ಯಜಮಾನ್ರು ಹೆಂಗಿದ್ರು, ಹೆಂಗಾಗಿಬಿಟ್ರು! ಆ ಮಿಷಿನ್ನು ಅವ್ರನ್ನ ತಿಂತಾ ಐತೆ. ಮೊದ್ಲಿನಂಗೇ ತುಂಬ್ಕೊಳ್ಳಲಿ ಬಿಡು. ಇಲ್ಲಾಂದ್ರೆ ನಾನು ಬೇರೆ ಕಡೆ ಕರ್ಕೊಂಡು ಹೋಗ್ತೀನಿ."

ಬೇರೆ ಕಡೆ ಹೋದರೆ ಹಳೆಯ ಕಾಗದದಲ್ಲಿರುವ ಎಪ್ಪತ್ತೆರಡನ್ನೇ ನಂಬುತ್ತಾರೆ. ಮತ್ತೆ ನೀರು ತುಂಬುತ್ತದೆ. ಮುಖ ಮಿರಮಿರ ಎನ್ನುತ್ತದೆ, ಒಂದು ರಾತ್ರಿ ಉಸಿರು ನಿಲ್ಲುತ್ತದೆ. ನಾನು ಅವರನ್ನು ಬೆಂಚಿನ ಮೇಲೆ ಕೂರಿಸಿದೆ.

"ಅಮ್ಮ, ಆ ತುಂಬಿದ ಮುಖ ನೀರು. ಅದು ಮೇಷ್ಟ್ರಲ್ಲ. ಈಗ ಕಾಣ್ತಿದ್ದಾರಲ್ಲ, ಇಷ್ಟೇ ಉಳಿದಿರೋದು," ಎಂದೆ. "ಸಕ್ಕರೆ ಹಂಚಿದ್ರಲ್ಲ, ಅದು ಕಿಡ್ನಿ ವಾಸಿಯಾಗಿ ಇಳಿದದ್ದಲ್ಲ. ಮಾಂಸ ಕರಗಿ ಇಳಿದದ್ದು. ಊಟದಲ್ಲಿ ಸತ್ವ ಇಲ್ಲದೆ ಮೈ ತನ್ನನ್ನೇ ತಿಂದುಕೊಂಡಿದೆ. ಇನ್ನೂ ಮೊಟ್ಟೆ ಕೊಡದೆ ಹೋದ್ರೆ ಉಳಿದಿರೋದೂ ಹೋಗುತ್ತೆ."

ಈ ಸಲ ಅವರು ಹೂಂಗುಟ್ಟಲೂ ಇಲ್ಲ. ನನ್ನ ಕೈ ಬಿಟ್ಟು, ಸೆರಗು ಸರಿಮಾಡಿಕೊಂಡು, ಬಸ್ ಸ್ಟ್ಯಾಂಡಿನ ಕಡೆಗೆ ನಡೆದುಬಿಟ್ಟರು. ಗಂಡ ಇನ್ನೂ ಯಂತ್ರದ ಮೇಲಿದ್ದಾರೆಂಬುದು ಅವರಿಗೆ ಗೇಟಿನ ಹತ್ತಿರ ನೆನಪಾಗಿ ವಾಪಸು ಬಂದರು.

ಮುಂದಿನ ಸರದಿಗೆ ಅವರ ಚೀಲದಲ್ಲಿ ಸ್ಟೀಲಿನ ಡಬ್ಬಿಯಿತ್ತು. ಒಳಗೆ ಬೇಯಿಸಿ ಬಿಡಿಸಿದ ಮೊಟ್ಟೆ. ದೇವರಿಗೆ ತಪ್ಪುಕಾಣಿಕೆ ಅಂತ ಅರಿಶಿನದ ಬಟ್ಟೆಯಲ್ಲಿ ಕಾಸು ಕಟ್ಟಿಟ್ಟು, ಬೆಳಗ್ಗೆ ತಲೆಗೆ ನೀರು ಹಾಕಿಕೊಂಡು, ಹೊಸ ಪಾತ್ರೆಯಲ್ಲಿ ಬೇಯಿಸಿ ತಂದಿದ್ದರು. ಹಾಗೆಂದು ನನಗೆ ಹೇಳಿದ್ದು ಮೇಷ್ಟ್ರು. ಅಮ್ಮ ಮಂಚದ ಪಕ್ಕ ನಿಂತು, ಒಂದೊಂದೇ ತುಂಡು ಮಾಡಿ ಗಂಡನ ಬಾಯಿಗಿಟ್ಟರು. ಮೇಷ್ಟ್ರು ಅಗಿಯುತ್ತಾ ನನ್ನ ಕಡೆ ಒಮ್ಮೆ ನೋಡಿದರು. ಸಿಟ್ಟಿರಲಿಲ್ಲ ಆ ನೋಟದಲ್ಲಿ. ಸಿಟ್ಟಾಗಿದ್ದರೆ ನನಗೆ ಹಗುರವಾಗುತ್ತಿತ್ತು.

ಒಂದಷ್ಟು ವಾರ ಚೆನ್ನಾಗಿಯೇ ನಡೆಯಿತು. ದಿನಕ್ಕೆ ಎರಡು ಮೊಟ್ಟೆಯಿಂದ ಮೂರಾಯಿತು. ಮೇಷ್ಟ್ರು ಮಲಗಿದಲ್ಲೇ ಕಾಲೆತ್ತಿ ಇಳಿಸುವ ವ್ಯಾಯಾಮ ಶುರುಮಾಡಿದರು. ಪಕ್ಕದ ಮಂಚದವರಿಗೂ ಎಣಿಕೆ ಹೇಳಿ ಮಾಡಿಸಿದರು. ಹಿಡಿತದ ಮುಳ್ಳು ಹಿಂದೆ ಸರಿಯುವುದನ್ನು ನಿಲ್ಲಿಸಿತು. ಒಮ್ಮೆ ಸ್ವಲ್ಪ ಮುಂದೆಯೂ ಹೋಯಿತು. ಡಾಕ್ಟರು, "ಟೈಮ್ ಸಿಕ್ಕಿದ್ರೆ ಆಗುತ್ತೆ," ಎಂದರು. ಇಳಿದಷ್ಟು ಬೇಗ ಮಾಂಸ ಏರುವುದಿಲ್ಲ, ಅದು ನಮಗೆಲ್ಲ ಗೊತ್ತಿತ್ತು.

ಟೈಮ್ ಸಿಗಲಿಲ್ಲ. ಮುಂಗಾರಿನ ಮೊದಲ ಮಳೆ ಬಿದ್ದ ವಾರ ಮೇಷ್ಟ್ರಿಗೆ ಕೆಮ್ಮು, ಜ್ವರ ಬಂತು. ವಾರ್ಡಿನಲ್ಲಿ ಇನ್ನೂ ಕೆಲವರಿಗೆ ಬಂದಿತ್ತು, ಅವರೆಲ್ಲ ಕೆಮ್ಮಿ ಕೆಮ್ಮಿ ಎದ್ದುಕೂತರು. ಮೇಷ್ಟ್ರಿಗೆ ಕೆಮ್ಮಲು ಶಕ್ತಿ ಸಾಲಲಿಲ್ಲ. ಕೆಮ್ಮುವುದಕ್ಕೂ ಮಾಂಸಖಂಡ ಬೇಕು. ಕಫ ಒಳಗೇ ಉಳಿದು ನ್ಯುಮೋನಿಯಾ ಆಯಿತು. ಆಂಬುಲೆನ್ಸಿಗೆ ಹತ್ತಿಸುವಾಗ ನಾನು ಅವರ ಕೈ ಹಿಡಿದೆ. ಅವರು ಹಿಸುಕಲು ನೋಡಿದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಅವರು ತೀರಿಕೊಂಡ ಸುದ್ದಿ ಎರಡು ದಿನದ ಮೇಲೆ ಬಂತು. ಅವತ್ತು ಅವರ ಮಂಚಕ್ಕೆ ಆಗಲೇ ಹೊಸಬರೊಬ್ಬರನ್ನು ಹಾಕಿ ಆಗಿತ್ತು. ಕಾಯುವವರ ಪಟ್ಟಿ ಉದ್ದವಿರುವಾಗ ಮಂಚ ಖಾಲಿ ಬಿಡಲು ಬರುವುದಿಲ್ಲ.

ತಿಥಿ ಕಳೆದ ಮೇಲೆ ಅಮ್ಮ ಒಬ್ಬರೇ ಬಂದರು. ಮನೆಯ ಫ್ರಿಜ್ಜಿನಲ್ಲಿ ಉಳಿದಿದ್ದ, ರಕ್ತ ಹೆಚ್ಚಿಸುವ ಇಂಜೆಕ್ಷನ್‌ಗಳನ್ನು ಐಸಿನ ಜೊತೆ ಫ್ಲಾಸ್ಕಿನಲ್ಲಿಟ್ಟು ತಂದಿದ್ದರು. "ಯಾರಿಗಾದ್ರೂ ಹಾಕು," ಎಂದು ಕೊಟ್ಟರು. ನಾನು ತೆಗೆದು ನಮ್ಮ ಫ್ರಿಜ್ಜಿನಲ್ಲಿಟ್ಟೆ. ಅವರು ಹೋಗಲಿಲ್ಲ. ಅದೇ ಕಾರಿಡಾರಿನ ಅದೇ ಬೆಂಚಿನ ಮೇಲೆ ಕೂತರು. ನಾನೂ ಪಕ್ಕದಲ್ಲಿ ಕೂತೆ.

"ಒಂದು ಕೇಳ್ಲಾ ಅಮ್ಮಾಯಿ?"

"ಕೇಳಿ ಅಮ್ಮ."

"ಊರಲ್ಲಿ ಎಲ್ಲಾ ಅಂತಾರೆ, ಹರಕೆ ಮುರಿದಿದ್ದಕ್ಕೇ ಹಿಂಗಾಯ್ತು ಅಂತ. ಮೊಟ್ಟೆ ತಿನ್ನಿಸಿದ್ದಕ್ಕಾ ಅವ್ರು ಹೋಗಿದ್ದು?"

"ಅಲ್ಲಮ್ಮ. ಖಂಡಿತ ಅಲ್ಲ. ಮೊಟ್ಟೆ ತಿಂದಿದ್ದರಿಂದಲೇ ಅಷ್ಟು ದಿನ ಇದ್ರು." ಆ ಪ್ರಶ್ನೆಗೆ ಉತ್ತರ ಗಟ್ಟಿಯಾಗಿ ಹೇಳಲು ಸಾಧ್ಯವಾಯಿತಲ್ಲ ಎಂದು ನನಗೆ ಸಮಾಧಾನವಾಯಿತು.

ಅವರು ತಲೆಯಾಡಿಸಿದರು. ನನ್ನ ಮುಖವನ್ನೇ ನೋಡುತ್ತಾ, ನಿಧಾನವಾಗಿ ಕೇಳಿದರು:

"ಹಂಗಾದ್ರೆ ಮೊದಲಿಂದ್ಲೂ ತಿನ್ನಿಸಿದ್ದಿದ್ರೆ ಉಳೀತಿದ್ರಾ?"

ಮೇಷ್ಟ್ರು ತಡೆಯಲು ನೋಡಿದ್ದು ಈ ಪ್ರಶ್ನೆಯನ್ನು. ಇಲ್ಲಮ್ಮ ಎನ್ನಲು ಬಾಯ್ತುದಿಗೆ ಬಂದಿತ್ತು. ಒಂದೇ ಮಾತು, ಹೇಳಿಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಅವರಿಗೆ ಸತ್ಯ ಹೇಳಿ ಹರಕೆ ಮುರಿಸಿದವಳು ನಾನೇ. ನನ್ನ ಮುಖ ಆಗಲೇ ಏನು ಹೇಳಿತ್ತೋ ಗೊತ್ತಿಲ್ಲ.

"ಗೊತ್ತಿಲ್ಲಮ್ಮ," ಎಂದೆ.

"ಗೊತ್ತಿಲ್ಲ ಅಂದ್ರೆ ಹೌದು ಅಂತಲೇ ಅಲ್ವಾ ತಾಯಿ," ಎಂದರು ಅವರು.

ನಾನು ಅಲ್ಲ ಎನ್ನಲಿಲ್ಲ.